ಕಾರ್ಡ್ ಇಲ್ಲದ ಓದುಗ: ಹಳೇ ವಿದ್ಯಾರ್ಥಿ ಮತ್ತೆ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗುವಾಗ

ಪದವಿ ಮುಗಿಸಿ ಹೊರಬಂದವರು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಮುಖ್ಯವಾಗಿ ಕಳೆದುಕೊಳ್ಳುವುದು ಒಂದನ್ನೇ: ಪುಸ್ತಕವನ್ನು ಮನೆಗೆ ಒಯ್ಯುವ ಹಕ್ಕು. ಒಳಗೆ ಕೂತು ಓದುವ ದಾರಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಕ್ಯಾಂಪಸ್ಸಿನ ಗೇಟಿನವರೆಗೂ ಹೋಗುವುದಿಲ್ಲ. 'ನಮ್ಮನ್ನೆಲ್ಲ ಈಗ ಯಾರು ಒಳಗೆ ಬಿಡ್ತಾರೆ' ಎಂದುಕೊಂಡು, ಅಂಗಡಿಯಲ್ಲಿ ಸಿಗದ ಪುಸ್ತಕ ಎಲ್ಲೂ ಸಿಗದು ಎಂದು ಕೈಬಿಡುತ್ತಾರೆ. ಊರಿನ ಇತಿಹಾಸ ಬರೆಯಹೊರಟ ನಿವೃತ್ತ ಮೇಷ್ಟ್ರು, ಅಜ್ಜನ ಲೇಖನ ಅಚ್ಚಾಗಿದ್ದ ಹಳೆಯ ಮಾಸಪತ್ರಿಕೆ ಹುಡುಕುವ ಮೊಮ್ಮಗಳು, ಕೆಲಸದ ನಡುವೆ ಮತ್ತೆ ಪಿಎಚ್‌.ಡಿ. ಆಸೆ ಹುಟ್ಟಿದ ಉಪನ್ಯಾಸಕಿ, ಇಂಥವರಿಗೆ ಬೇಕಾದ್ದು ಅಲ್ಲಿಯ ಲೋಹದ ರ‍್ಯಾಕುಗಳಲ್ಲಿ ಕೂತಿರುತ್ತದೆ. ಅದನ್ನು ತಲುಪುವ ದಾರಿ ಮಾತ್ರ ವಿದ್ಯಾರ್ಥಿಯಾಗಿದ್ದಾಗಿನ ದಾರಿ ಅಲ್ಲ.

ಮೊದಲು ಯಾವ ಲೈಬ್ರರಿ ಎಂಬುದನ್ನೇ ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ವಿಶ್ವವಿದ್ಯಾಲಯಗಳು ಒಂದರಿಂದ ಇನ್ನೊಂದು ಕವಲೊಡೆದು ಬೆಳೆದಂಥವು. 1980ಕ್ಕೆ ಮುಂಚೆ ಕೊಣಾಜೆಯಲ್ಲಿ ಎಂ.ಎ. ಓದಿದವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು, ಕಲಬುರಗಿಯಲ್ಲಿ ಓದಿದವರದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಆ ವರ್ಷ ಎರಡೂ ಕೇಂದ್ರಗಳು ಸ್ವತಂತ್ರ ವಿಶ್ವವಿದ್ಯಾಲಯಗಳಾದವು. ದಾವಣಗೆರೆ 2009ರಲ್ಲಿ ಕುವೆಂಪು ವಿಶ್ವವಿದ್ಯಾಲಯದಿಂದ ಬೇರೆಯಾಯಿತು, ಬೆಳಗಾವಿ 2010ರಲ್ಲಿ ಧಾರವಾಡದಿಂದ, ಬಳ್ಳಾರಿ ಅದೇ ವರ್ಷ ಗುಲಬರ್ಗಾದಿಂದ. ಹೀಗೆ ಬೇರೆಯಾದಾಗ ಪ್ರಮಾಣಪತ್ರದ ಮೇಲೆ ಹಳೆಯ ವಿಶ್ವವಿದ್ಯಾಲಯದ ಹೆಸರು ಉಳಿಯುತ್ತದೆ, ನೀವು ಓದಿದ ಪುಸ್ತಕಗಳು ಇರುವುದು ಹೊಸ ಹೆಸರಿನ ಬೋರ್ಡು ಹೊತ್ತ ಕ್ಯಾಂಪಸ್ಸಿನಲ್ಲಿ. 'ನಾನು ಇಲ್ಲೇ ಓದಿದ್ದು' ಎಂದು ಹೇಳಿ ಬೇರೊಂದು ವಿಶ್ವವಿದ್ಯಾಲಯದ ಮೊಹರಿರುವ ಅಂಕಪಟ್ಟಿ ಚಾಚಿದರೆ ಕೌಂಟರಿನಲ್ಲಿ ಗೊಂದಲವಾಗುವುದು ಸಹಜ. ಸ್ನಾತಕೋತ್ತರ ಕೇಂದ್ರದ ಹೆಸರಿರುವ ಹಳೆಯ ಕಾಗದ, ಟಿ.ಸಿ. ಆಗಲಿ ಹಾಲ್ ಟಿಕೆಟ್ ಆಗಲಿ, ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ.

ಒಂದೇ ಊರಿನಲ್ಲಿ ಲೈಬ್ರರಿಯೂ ಒಂದೇ ಇರುತ್ತದೆ ಎಂದುಕೊಳ್ಳಬೇಡಿ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ದೊಡ್ಡ ಗ್ರಂಥಾಲಯವಲ್ಲದೆ 1966ರಲ್ಲಿ ಶುರುವಾದ ಕನ್ನಡ ಅಧ್ಯಯನ ಸಂಸ್ಥೆಯ ಸಂಗ್ರಹ ಬೇರೆ ಇದೆ. ತಾಳೆಗರಿ ಬೇಕಾದರೆ ಹೋಗಬೇಕಾದ್ದು 1891ರಷ್ಟು ಹಳೆಯದಾದ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ ಹೊರತಂದದ್ದು ಅಲ್ಲಿಂದಲೇ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದು, ಈಗ ಅದು ಯಾವ ವಿಶ್ವವಿದ್ಯಾಲಯದ ಭಾಗವೋ ಅದಕ್ಕಿಂತ ಹತ್ತು ವರ್ಷ ಹಿರಿಯದು. ಇವಲ್ಲದೆ ವಿಭಾಗಗಳು ತಮ್ಮದೇ ಬೀರುಗಳನ್ನು ಇಟ್ಟುಕೊಂಡಿರುತ್ತವೆ. ಎಂ.ಎ. ಕೊನೆಯಲ್ಲಿ ನೀವೇ ಬರೆದುಕೊಟ್ಟ ಸಂಪ್ರಬಂಧ ಎಲ್ಲಾದರೂ ಉಳಿದಿದ್ದರೆ ಅಂಥದೊಂದು ಬೀರುವಿನಲ್ಲಿ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಬಾಗಿಲಲ್ಲಿ ನಡೆಯುವ ಮಾತುಕತೆ ಎಲ್ಲ ಕಡೆ ಒಂದೇ ತೆರ.

"ಐಡಿ ಕಾರ್ಡ್ ತೋರ್ಸಿ ಸರ್."

"ನಾನು ಇಲ್ಲೇ ಎಂ.ಎ. ಮಾಡಿದ್ದು. ಹಳೇ ಸ್ಟೂಡೆಂಟು."

"ಹಾಗಂದ್ರೆ ಆಗಲ್ಲ ಸರ್. ಲೆಟರ್ ತಂದಿದೀರಾ?"

ಇಲ್ಲಿ ವಾದಕ್ಕೆ ನಿಂತರೆ ಕೆಲಸ ಕೆಟ್ಟಿತು. ಬಾಗಿಲಲ್ಲಿ ಕೂತವರ ಕೆಲಸ ರಿಜಿಸ್ಟರಿಗೆ ಸಹಿ ಹಾಕಿಸುವುದು, ಬ್ಯಾಗು ಹೊರಗಿಡಿಸುವುದು. ಒಳಗೆ ಬಿಡುವ ತೀರ್ಮಾನ ಗ್ರಂಥಪಾಲಕರದು ಅಥವಾ ಉಪಗ್ರಂಥಪಾಲಕರದು. 'ಲೈಬ್ರರಿಯನ್ನರನ್ನ ನೋಡಬೇಕಿತ್ತು, ಅರ್ಜಿ ತಂದಿದೀನಿ' ಎಂದರೆ ಸಾಕು, ದಾರಿ ತೋರಿಸುತ್ತಾರೆ. ಅರ್ಜಿ ಒಂದೇ ಪುಟ ಇರಲಿ: ಯಾವ ವಿಭಾಗ, ಯಾವ ವರ್ಷ, ಈಗ ಏನು ಮಾಡುತ್ತಿದ್ದೀರಿ, ಯಾವ ಸಾಮಗ್ರಿ ಬೇಕು, ಎಷ್ಟು ದಿನಕ್ಕೆ. 'ಅಧ್ಯಯನಕ್ಕಾಗಿ ಗ್ರಂಥಾಲಯ ಬಳಸಲು ಅನುಮತಿ ಕೋರಿ' ಎಂಬ ಗುಂಡು ಮಾತಿಗಿಂತ 'ಪ್ರಬುದ್ಧ ಕರ್ನಾಟಕದ 1950ರ ದಶಕದ ಸಂಪುಟಗಳನ್ನು ಒಂದು ವಾರ ನೋಡಬೇಕಾಗಿದೆ' ಎಂಬ ಸಾಲಿಗೆ ಸಹಿ ಬೇಗ ಬೀಳುತ್ತದೆ. ಕೇಳಿದ್ದು ಇಂತಿಷ್ಟೇ ಎಂದು ಗೊತ್ತಾದರೆ ಕೊಡುವವರಿಗೂ ಧೈರ್ಯ. ಜೊತೆಗೆ ಪದವಿ ಪ್ರಮಾಣಪತ್ರದ ಜೆರಾಕ್ಸ್, ಆಧಾರ್ ಪ್ರತಿ, ಎರಡು ಫೋಟೊ. ಕೆಲಸದಲ್ಲಿರುವವರು ಕಚೇರಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಒಯ್ದರೆ ಇನ್ನೂ ಒಳ್ಳೆಯದು.

ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ದಿನದ ಪಾಸು, ಕೆಲವು ಕಡೆ ತಿಂಗಳಿನ ಅಥವಾ ವರ್ಷದ ಹೊರ ಓದುಗರ ಸದಸ್ಯತ್ವ, ಇನ್ನು ಕೆಲವು ಕಡೆ ಹಿರಿಯ ವಿದ್ಯಾರ್ಥಿಗಳಿಗೆಂದೇ ಬೇರೆ ದರ. ಠೇವಣಿ ಇಟ್ಟರೆ ಒಂದೆರಡು ಪುಸ್ತಕ ಎರವಲು ಕೊಡುವ ಗ್ರಂಥಾಲಯಗಳೂ ಉಂಟು. ಶುಲ್ಕ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ಫೋನು ಮಾಡಿ ಕೇಳುವುದು ಮೇಲು, ವೆಬ್‌ಸೈಟಿನಲ್ಲಿರುವ ದರ ಹಳೆಯದಿರಬಹುದು. ಹಣವನ್ನು ಕೌಂಟರಿನಲ್ಲಿ ತೆಗೆದುಕೊಳ್ಳದೆ ಚಲನ್ ಕಟ್ಟಿಸುವ ಪದ್ಧತಿ ಇದ್ದರೆ ಅದಕ್ಕೇ ಅರ್ಧ ದಿನ ಹೋಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಓದುವ ಕೋಣೆಯಲ್ಲಿ ಕುರ್ಚಿ ಸಿಗುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಪುಸ್ತಕ ತೆಗೆದುಕೊಡುವವರು ಸಿಗುವುದಿಲ್ಲ. ಸೆಮಿಸ್ಟರ್ ಶುರುವಾದ ಹೊಸತರಲ್ಲಿ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಒಳ್ಳೆಯದು.

ಒಳಗೆ ಹೋದ ಮೇಲೆ ಕೈಕೊಡುವುದು ನೆನಪು. 'ಕಿಟಕಿ ಪಕ್ಕದ ಎರಡನೇ ರ‍್ಯಾಕು, ಕೆಂಪು ಬೈಂಡು' ಎಂದು ಹುಡುಕಹೊರಟವರಿಗೆ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಕಾಣುತ್ತವೆ. ರ‍್ಯಾಕು ಜಾಗ ಬದಲಿಸಿರುತ್ತದೆ, ಪುಸ್ತಕ ಮತ್ತೆ ಬೈಂಡಾಗಿ ಹಸಿರಾಗಿರುತ್ತದೆ. ಬದಲಾಗದೆ ಉಳಿಯುವ ಗುರುತು ಸಾಮಾನ್ಯವಾಗಿ ಪುಸ್ತಕದ ನಂಬರು. ಅದನ್ನು ಮನೆಯಲ್ಲೇ ಹುಡುಕಿ ಬರೆದುಕೊಂಡು ಹೋಗಬಹುದು, ಏಕೆಂದರೆ ಈಗ ಹೆಚ್ಚಿನ ವಿಶ್ವವಿದ್ಯಾಲಯಗಳ ಕ್ಯಾಟಲಾಗು ಅಂತರ್ಜಾಲದಲ್ಲಿದೆ. ಲೈಬ್ರರಿಯವರು ಅದನ್ನು ಓಪ್ಯಾಕ್ ಎನ್ನುತ್ತಾರೆ. ಅದರ ಹಿಂದಿರುವ ತಂತ್ರಾಂಶ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ರೂಪಿಸಿದ ಸೋಲ್ ಇರಬಹುದು, ನ್ಯೂಜಿಲೆಂಡಿನಲ್ಲಿ ಹುಟ್ಟಿ ಜಗತ್ತಿಗೆ ಉಚಿತವಾಗಿ ಸಿಕ್ಕಿರುವ ಕೋಹಾ ಇರಬಹುದು. ನಮಗೆ ಮುಖ್ಯವಾದದ್ದು ಒಳಗಿನ ನಮೂದು.

ಕನ್ನಡ ಪುಸ್ತಕದ ವಿಷಯದಲ್ಲಿ ಈ ನಮೂದೇ ದೊಡ್ಡ ತಲೆನೋವು. ಕಾರಂತರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ಕೊನೆಗೆ 'ಟಿ-ಎಚ್' ಹಾಕಿ ನಿಲ್ಲಿಸಿರುತ್ತಾರೆ, ಇನ್ನೊಬ್ಬರು ಅದರ ಮೇಲೊಂದು 'ಎ' ಸೇರಿಸಿರುತ್ತಾರೆ, ಮತ್ತೊಬ್ಬರು 'ಎಚ್' ಬಿಟ್ಟಿರುತ್ತಾರೆ. ಮೂರೂ ನಮೂದುಗಳು ಒಂದೇ ಗ್ರಂಥಾಲಯದಲ್ಲಿ ಇರಬಹುದು, ಒಂದನ್ನು ಹುಡುಕಿದರೆ ಇನ್ನೆರಡು ಕಾಣವು. ಕೆಲವು ನಮೂದುಗಳು ಕನ್ನಡ ಲಿಪಿಯಲ್ಲೇ ಇರುತ್ತವೆ. ಅದರಲ್ಲೂ ಯುನಿಕೋಡ್ ಬರುವ ಮೊದಲು ಬೆರಳಚ್ಚು ಮಾಡಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹಾಗಾಗಿ ಒಂದೇ ಸಲ ಹುಡುಕಿ 'ಇಲ್ಲ' ಎಂದು ತೀರ್ಮಾನಿಸಬಾರದು. ಇಡೀ ಹೆಸರು ಕೊಡುವ ಬದಲು ಮೊದಲ ನಾಲ್ಕೈದು ಅಕ್ಷರ ಬರೆದು ನಕ್ಷತ್ರದ ಚಿಹ್ನೆ ಹಾಕಿ, ಬಹಳ ಕಡೆ ಇದು ಕೆಲಸ ಮಾಡುತ್ತದೆ. ಲೇಖಕರ ಬದಲು ಶೀರ್ಷಿಕೆಯ ಒಂದೇ ಪದದಿಂದ ಹುಡುಕಿ. ಪ್ರಕಾಶಕರ ಹೆಸರಿನಿಂದಲೂ ಒಂದು ಸಲ ನೋಡಿ. ಇಷ್ಟಾದರೂ ಸಿಗದಿದ್ದರೆ ಮೂಲೆಯಲ್ಲಿ ಹಳೆಯ ಕಾರ್ಡ್ ಕ್ಯಾಬಿನೆಟ್ಟು ಇನ್ನೂ ಇದೆಯೇ ಎಂದು ಕೇಳಿ. ಹಳೆಯ ಪುಸ್ತಕಗಳನ್ನೂ ದಾನವಾಗಿ ಬಂದ ಸಂಗ್ರಹಗಳನ್ನೂ ಕಂಪ್ಯೂಟರಿಗೆ ಏರಿಸುವ ಕೆಲಸ ಎಲ್ಲ ಕಡೆ ಪೂರ್ತಿಯಾಗಿಲ್ಲ. ಕಬ್ಬಿಣದ ಸರಳು ಪೋಣಿಸಿದ ಆ ಡ್ರಾಯರುಗಳಲ್ಲಿ ಕಂಪ್ಯೂಟರಿಗೆ ಗೊತ್ತಿಲ್ಲದ ಪುಸ್ತಕಗಳು ಇರುತ್ತವೆ.

ನಂಬರು ಸಿಕ್ಕಿತು ಎನ್ನೋಣ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮೇಲೆ 894.8143, ಕೆಳಗೆ ಲೇಖಕರ ಹೆಸರಿನ ಮೊದಲ ಮೂರು ಅಕ್ಷರ. ಇದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ. 800 ಸಾಹಿತ್ಯ, 894.8 ದ್ರಾವಿಡ ಭಾಷೆಗಳ ಸಾಹಿತ್ಯ, 894.814 ಕನ್ನಡ. ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ. ಕರ್ನಾಟಕದ ಇತಿಹಾಸ 954.87ರಲ್ಲಿ. ಹುಡುಕುವವರು ಎಡವುವುದು ಬಿಂದುವಿನ ಆಚೆ. 8143 ದೊಡ್ಡದು, 82 ಚಿಕ್ಕದು ಎಂದು ಕಣ್ಣು ಹೇಳುತ್ತದೆ, ಆದರೆ ದಶಾಂಶದ ಲೆಕ್ಕದಲ್ಲಿ 894.8143 ಬರುವುದು 894.82ಕ್ಕಿಂತ ಮೊದಲು. ಒಂದೊಂದೇ ಅಂಕಿ ಹೋಲಿಸುತ್ತ ಹೋಗಬೇಕು. ವಿಷಯಕ್ಕೆ ತಕ್ಕ ಹಾಗೆ ಒಬ್ಬನೇ ಲೇಖಕ ಬೇರೆ ಬೇರೆ ಕಡೆ ಹಂಚಿಹೋಗಿರುತ್ತಾನೆ ಎಂಬುದೂ ನೆನಪಿರಲಿ. ಕಾರಂತರ ಕಾದಂಬರಿ ಒಂದು ಸಾಲಿನಲ್ಲಿದ್ದರೆ ಯಕ್ಷಗಾನದ ಮೇಲಿನ ಅವರ ಪುಸ್ತಕ ರಂಗಕಲೆಯ 792ರ ಆಸುಪಾಸಿನಲ್ಲಿರುತ್ತದೆ.

ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಎರಡು ಚುಕ್ಕೆ ಎಲ್ಲ ಬೆರೆತಿದ್ದರೆ ಅದು ಎಸ್.ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1933ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವೊಂದನ್ನು ಕಟ್ಟಿದರು. ಓದುಗನ ಸಮಯ ಪೋಲಾಗಬಾರದೆಂದು ಜೀವಮಾನವಿಡೀ ಹೇಳಿದವರ ನಂಬರೇ ಹೊಸ ಓದುಗನನ್ನು ತಬ್ಬಿಬ್ಬು ಮಾಡುವುದು ತಮಾಷೆಯೇ ಸರಿ. ಅಂಥ ಕಡೆ ತಾನೇ ಹುಡುಕುವ ಹಟ ಬಿಟ್ಟು ಅಟೆಂಡರನ್ನು ಕೇಳುವುದೇ ಜಾಣತನ.

ಕಂಪ್ಯೂಟರ್ 'ಲಭ್ಯ' ಎನ್ನುತ್ತದೆ, ರ‍್ಯಾಕಿನಲ್ಲಿ ಪುಸ್ತಕವಿಲ್ಲ. ಇದು ದಿನನಿತ್ಯದ ಕಥೆ. 'ಲಭ್ಯ' ಎಂದರೆ ಯಾರ ಹೆಸರಿನಲ್ಲೂ ಎರವಲು ಹೋಗಿಲ್ಲ ಎಂದಷ್ಟೇ ಅರ್ಥ, ಎಲ್ಲಿದೆ ಎಂಬುದು ಅದಕ್ಕೂ ಗೊತ್ತಿಲ್ಲ. ಮೊದಲು ಅದೇ ಅಡ್ಡಹಲಗೆಯ ಹಿಂಬದಿ ನೋಡಿ, ಸಣ್ಣ ಪುಸ್ತಕಗಳು ಸರಿದು ಹಿಂದೆ ಬಿದ್ದಿರುತ್ತವೆ. ಆಮೇಲೆ ಮೇಲಿನ, ಕೆಳಗಿನ ಸಾಲು. ಅಂಕಿ ಹಿಂದುಮುಂದಾಗಿ 894ರ ಪುಸ್ತಕ 849ರಲ್ಲಿ ಕೂತಿರಬಹುದು. ವಾಪಸಾದ ಪುಸ್ತಕಗಳ ತಳ್ಳುಗಾಡಿ, ಓದುವ ಮೇಜುಗಳು, ಬೈಂಡಿಂಗ್ ವಿಭಾಗ, ದೊಡ್ಡ ಗಾತ್ರದ ಪುಸ್ತಕಗಳ ಪ್ರತ್ಯೇಕ ರ‍್ಯಾಕು, ಪರಾಮರ್ಶನ ವಿಭಾಗ, ಇಷ್ಟೂ ನೋಡಿದ ಮೇಲೆ ಕೌಂಟರಿಗೆ ಹೋಗಿ ಆಕ್ಸೆಷನ್ ನಂಬರ್ ಹೇಳಿ. ಆ ಲೈಬ್ರರಿಯಲ್ಲಿ ಪ್ರತಿಯೊಂದು ಪ್ರತಿಗೂ ಒಂದೇ ಒಂದು ಆಕ್ಸೆಷನ್ ನಂಬರ್ ಇರುತ್ತದೆ, ಕಳೆದುಹೋದ, ವಜಾ ಆದ ಪುಸ್ತಕಗಳ ಲೆಕ್ಕ ಇಡುವುದೂ ಅದರಿಂದಲೇ. ಪುಸ್ತಕ ಕಳೆಯುವುದನ್ನು ಸರ್ಕಾರವೂ ಒಪ್ಪಿಕೊಂಡಿದೆ: ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದರೆ, ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1000 ಸಂಪುಟಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪರೂಪದ ಪುಸ್ತಕಕ್ಕೆ ಮತ್ತು 1000 ರೂಪಾಯಿಗಿಂತ ಹೆಚ್ಚು ಬೆಲೆಯದ್ದಕ್ಕೆ ಮಾತ್ರ ವಿಚಾರಣೆ ತಪ್ಪಿದ್ದಲ್ಲ.

ಇಷ್ಟು ಪಾಡುಪಟ್ಟು ಹೋಗಬೇಕೇ ಎಂದರೆ, ಎಲ್ಲದಕ್ಕೂ ಬೇಡ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳಾಗಲಿ, 1894ರ ಕಿಟೆಲ್ ನಿಘಂಟಾಗಲಿ ಬೇಕಿದ್ದರೆ ಬಸ್ಸು ಹತ್ತುವ ಅಗತ್ಯವಿಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟ ಪುಟವೂ ಸಿಗುತ್ತದೆ. ಪಿಎಚ್‌.ಡಿ. ಮಹಾಪ್ರಬಂಧಗಳನ್ನು ಗಣಕರೂಪದಲ್ಲೂ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳು ಸೇರಿವೆ, ಯಾರು ಬೇಕಾದರೂ ಓದಬಹುದು. ಅಲ್ಲಿ ಪ್ರಬಂಧ ಅಧ್ಯಾಯವಾರು ತುಂಡುಗಳಾಗಿ ಇರುತ್ತದೆ. ಕನ್ನಡದವು ಎಷ್ಟೋ ಸಲ ಬರಿಯ ಚಿತ್ರಪ್ರತಿಗಳಾದ್ದರಿಂದ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ನಾನು ಮೊದಲು ತೆರೆಯುವುದು ಕೊನೆಯ ತುಂಡನ್ನೇ. ಪರಾಮರ್ಶನ ಗ್ರಂಥಗಳ ಆ ಪಟ್ಟಿಯಲ್ಲಿ ಆ ವಿಷಯದ ಬಗ್ಗೆ ಎಲ್ಲೆಲ್ಲಿ ಏನೇನು ಅಚ್ಚಾಗಿದೆ ಎಂಬುದು ಒಟ್ಟಿಗೆ ಸಿಗುತ್ತದೆ, ಲೈಬ್ರರಿಗೆ ಒಯ್ಯುವ ಚೀಟಿ ಅಲ್ಲೇ ತಯಾರಾಗುತ್ತದೆ.

ಲೈಬ್ರರಿಗೇ ಹೋಗಿ ನೋಡಬೇಕಾದ್ದು ಹಳೆಯ ನಿಯತಕಾಲಿಕೆಗಳ ಬೌಂಡ್ ಸಂಪುಟಗಳು, ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು, ಊರ ಮುದ್ರಣಾಲಯಗಳಲ್ಲಿ ಅಚ್ಚಾದ ಸಣ್ಣ ಪುಸ್ತಕಗಳು. ಬೌಂಡ್ ಸಂಪುಟ ಬಳಸುವುದಕ್ಕೂ ಒಂದು ಕ್ರಮವಿದೆ. ಬೆನ್ನಿನ ಮೇಲಿನ ಇಸವಿಯನ್ನು ನೆಚ್ಚಬೇಡಿ. ಪತ್ರಿಕೆಯ ಸಂಪುಟ ಜನವರಿಗೇ ಶುರುವಾಗಬೇಕೆಂದಿಲ್ಲ, ಯುಗಾದಿಗೆ ಶುರುವಾದದ್ದಿರಬಹುದು. ಇನ್ನೂ ಹಳೆಯವುಗಳ ಮೇಲೆ ಇಸವಿಯೇ ಇರದೆ ಸಂವತ್ಸರ, ಮಾಸ ಮಾತ್ರ ಇರುತ್ತದೆ. ಸಂವತ್ಸರ ಅರವತ್ತಕ್ಕೊಮ್ಮೆ ಮರಳುತ್ತದೆ: ಪ್ರಭವ ಎಂದರೆ 1927-28 ಆಗಬಹುದು, 1987-88 ಆಗಬಹುದು. ಕಾಗದ, ಅಚ್ಚು, ಜಾಹೀರಾತು ನೋಡಿದರೆ ಯಾವುದೆಂದು ಹೇಳಬಹುದು, ಆದರೆ ಬೈಂಡಿಂಗ್ ಮಾಡುವಾಗ ರಕ್ಷಾಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಹಾಕಿರುವುದುಂಟು. ವರ್ಷದ ಲೇಖನ ಸೂಚಿ ಹಲವು ಸಲ ಸಂಪುಟದ ಕೊನೆಯ ಸಂಚಿಕೆಯಲ್ಲಿರುತ್ತದೆ, ಅಲ್ಲಿಂದ ಶುರು ಮಾಡಿದರೆ ಮುನ್ನೂರು ಪುಟ ತಿರುವುವುದು ತಪ್ಪುತ್ತದೆ.

ಆ ಹಾಳೆಗಳನ್ನು ತಿರುವುವಾಗ ಕೈ ಹಗುರವಾಗಿರಲಿ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಹುಟ್ಟಿ ನಾರಿನ ಎಳೆಗಳನ್ನು ಒಳಗಿಂದಲೇ ಕತ್ತರಿಸುತ್ತದೆ, ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಇಂಥ ಸಂಪುಟವನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಒತ್ತಿದರೆ ಬೆನ್ನು ಬಿರಿಯುತ್ತದೆ, ಅದಕ್ಕೇ ಕೆಲವರು ಜೆರಾಕ್ಸಿಗೆ ಒಪ್ಪುವುದಿಲ್ಲ. ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಫೋಟೊ ತೆಗೆಯಲು ಅನುಮತಿ ಕೇಳಿ. ತೆಗೆಯುವಾಗ ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿಯ ಮುದ್ರಣ ವಿವರ, ಬೆನ್ನಿನ ನಂಬರು, ಆಮೇಲೆ ಬೇಕಾದ ಪುಟಗಳು, ಪುಟಸಂಖ್ಯೆ ಕಾಣುವ ಹಾಗೆ. ಹಕ್ಕುಸ್ವಾಮ್ಯದ ಮಾತೂ ಬರುತ್ತದೆ. ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹ 2007ರಿಂದ ಎಲ್ಲರದು, 1986ರಲ್ಲಿ ತೀರಿಕೊಂಡ ಮಾಸ್ತಿಯವರದು 2046 ಮುಗಿಯುವವರೆಗೂ ವಾರಸುದಾರರದು. ಸ್ವಂತ ಅಧ್ಯಯನಕ್ಕೆ ಒಂದು ಲೇಖನ, ಒಂದು ಅಧ್ಯಾಯ ನಕಲು ಮಾಡಿಕೊಳ್ಳುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಇಡೀ ಪುಸ್ತಕವನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇರೆಯೇ ಮಾತು.

ವಿದ್ವತ್ ಪತ್ರಿಕೆಗಳ ಇ-ಆವೃತ್ತಿ ಬೇಕಾದವರು ಒಂದು ವಿಷಯ ತಿಳಿದಿರಬೇಕು. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ತೆರೆದಿದ್ದಾರೆ. ಹೆಸರು ರಾಷ್ಟ್ರದ್ದಾದರೂ ಬಾಗಿಲು ಸಂಸ್ಥೆಯದು: ಅಲ್ಲಿಯ ವಿದ್ಯಾರ್ಥಿ, ಅಧ್ಯಾಪಕರಿಗೆ ಮಾತ್ರ ಲಾಗಿನ್ ಸಿಗುತ್ತದೆ. ತೆರಿಗೆ ಕಟ್ಟುವ ಹಳೇ ವಿದ್ಯಾರ್ಥಿಯನ್ನು ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಲೈಬ್ರರಿಯೊಳಗಿನ ಕಂಪ್ಯೂಟರಿನಲ್ಲಿ ಕೂತು ಓದಲು ಬಿಡುತ್ತಾರೆಯೇ ಎಂದು ಕೇಳಿ ನೋಡಬಹುದು.

ಪರದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿಯುಂಟು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ತನ್ನ ಕಚೇರಿಯ ಮೂಲಕ ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಹಂಚಿದೆ. ಆದ್ದರಿಂದ ಶಿಕಾಗೋದಂಥ ಕಡೆ ಕನ್ನಡದ ದೊಡ್ಡ ಸಂಗ್ರಹವೇ ಇದೆ. ಅಲ್ಲಿಯ ಕ್ಯಾಟಲಾಗಿನಲ್ಲಿ ಲಿಪ್ಯಂತರ ಕಟ್ಟುನಿಟ್ಟು: 'ಚ' ಕಾರಕ್ಕೆ ಬರಿಯ 'ಸಿ'. ಹಾಗಾಗಿ ಚೋಮನ ದುಡಿಯನ್ನು 'ಸಿ-ಎಚ್' ಹಾಕಿ ಹುಡುಕಿದರೆ ಕನ್ನಡ ಮೂಲ ಸಿಗದೆ ಹೋಗಬಹುದು, 'ಸಿ-ಓ' ಎಂದು ಶುರು ಮಾಡಿ.

ಇನ್ನು, ಮನೆಯ ಅಟ್ಟದಲ್ಲಿ ಲೈಬ್ರರಿಯ ಮೊಹರಿರುವ ಪುಸ್ತಕ ಸಿಕ್ಕವರ ಪ್ರಶ್ನೆ: ಈಗ ಹಿಂದಿರುಗಿಸಿದರೆ ಇಪ್ಪತ್ತು ವರ್ಷದ ದಂಡ ಹಾಕುತ್ತಾರೆಯೇ? ನೋ ಡ್ಯೂ ಪತ್ರ ಪಡೆದೇ ಹೊರಬಂದಿದ್ದರೆ ನಿಮ್ಮ ಹೆಸರಿನಲ್ಲಿ ಬಾಕಿ ತೋರುವ ಸಂಭವ ಕಡಿಮೆ. ಆ ಪುಸ್ತಕದ ಬೆಲೆ ಆಗಲೇ ಕಟ್ಟಿರಬಹುದು, ಇಲ್ಲವೇ ಗೆಳೆಯನ ಕಾರ್ಡಿನಲ್ಲಿ ತಂದದ್ದಿರಬಹುದು. ಪುಸ್ತಕವನ್ನು ಕೌಂಟರಿನಲ್ಲಿ ಇಟ್ಟು ಓಡಿಬರಬೇಡಿ. ಹಾಗೆ ಬಂದ ಪುಸ್ತಕ ಲೆಕ್ಕಕ್ಕೆ ಸೇರದೆ ಮೂಲೆಯಲ್ಲಿ ಬಿದ್ದಿರುತ್ತದೆ. ಆಕ್ಸೆಷನ್ ನಂಬರ್ ಬರೆದ ಒಂದು ಪತ್ರದ ಜೊತೆ ಗ್ರಂಥಪಾಲಕರ ಕೈಗೇ ಕೊಡಿ, ಕಳೆದುಹೋದವುಗಳ ಪಟ್ಟಿಯಲ್ಲಿದ್ದರೆ ಅವರು ಅದನ್ನು ಮತ್ತೆ ದಾಖಲಿಗೆ ತರುತ್ತಾರೆ. ದಂಡದ ವಿಷಯ ಅವರ ವಿವೇಚನೆಗೆ ಬಿಟ್ಟದ್ದು. ಸ್ವಂತ ಪುಸ್ತಕ ದಾನ ಮಾಡುವ ಮನಸ್ಸಿದ್ದರೂ ಮೂಟೆ ಹೊತ್ತು ಹೋಗದೆ ಮೊದಲು ಪಟ್ಟಿ ಕಳಿಸಿ. ಅವರಲ್ಲಿ ಈಗಾಗಲೇ ನಾಲ್ಕು ಪ್ರತಿ ಇರುವ ಪಠ್ಯಪುಸ್ತಕಕ್ಕೆ ರ‍್ಯಾಕಿನಲ್ಲಿ ಜಾಗವಿಲ್ಲ, ನಿಮ್ಮೂರಿನ ಜಾತ್ರೆಯ ಸ್ಮರಣ ಸಂಚಿಕೆಗೆ ಇರಬಹುದು.